ಫೈಫ್ ಕರಾವಳಿಯಲ್ಲಿ ಒಂದೆರಡು ದಿನ: ಯಾವುದನ್ನು ನೋಡುವುದು, ಯಾವುದನ್ನು ಬಿಡುವುದು

ಊರಿಂದ ಅಪ್ಪ ಅಮ್ಮ ಬಂದಿದ್ದಾರೆ, ಎಡಿನ್‌ಬರೊ ಕೋಟೆ ನೋಡಿ ಆಯಿತು, ಇನ್ನೊಂದೆರಡು ದಿನ ಕೈಯಲ್ಲಿದೆ, ಸಮುದ್ರದ ಕಡೆ ಹಳೇ ಊರು ಯಾವುದಾದರೂ ತೋರಿಸೋಣ ಅಂತಿದ್ದೇವೆ. ಸ್ಕಾಟ್ಲೆಂಡಿನಲ್ಲಿ ಓದುತ್ತಿರುವ, ಕೆಲಸ ಮಾಡುತ್ತಿರುವ ನಮ್ಮವರಿಂದ ಏಪ್ರಿಲ್ ಕಳೆಯಿತೆಂದರೆ ಈ ಪ್ರಶ್ನೆ ತಪ್ಪದೆ ಬರುತ್ತದೆ. ಕೇಳುವವರ ಬಳಿ ಪಟ್ಟಿಯೂ ಸಿದ್ಧವಾಗಿರುತ್ತದೆ: ಸೇಂಟ್ ಆಂಡ್ರೂಸ್, ಕ್ರೇಲ್, ಆನ್‌ಸ್ಟ್ರದರ್, ಕೂರಸ್, ಇಂಚ್‌ಕೋಮ್ ದ್ವೀಪ. ಎಲ್ಲವೂ ಎಡಿನ್‌ಬರೊ ಎದುರಿನ ಫೈಫ್ ಸೀಮೆಯ ಅಂಚಿನಲ್ಲಿ, ನಕ್ಷೆಯಲ್ಲಿ ಒಂದರ ಪಕ್ಕ ಒಂದು ಕಾಣುತ್ತವೆ. ಹಾಗಾಗಿ ಎಲ್ಲವನ್ನೂ ಒಂದೇ ದಿನಕ್ಕೆ ತುರುಕುವ ಆಸೆ. ಅದು ಆಗದ ಮಾತು. ಈ ದಡದುದ್ದಕ್ಕೂ ಹೋಗುವ ಕಾಲುದಾರಿಯೇ ಸುಮಾರು 187 ಕಿ.ಮೀ. ಇದೆ. ಕೂರಸ್ ಒಂದು ತುದಿಗೆ ಹತ್ತಿರ, ಕ್ರೇಲ್ ಇನ್ನೊಂದು ಮೂಲೆ. ಎರಡನ್ನೂ ಒಂದೇ ದಿನ ನೋಡಹೊರಟವರು ನೋಡುವುದು ಹೆದ್ದಾರಿಯನ್ನೇ.

ಆರನೇ ಜೇಮ್ಸ್ ದೊರೆ ಫೈಫನ್ನು ಚಿನ್ನದ ಅಂಚಿರುವ ಭಿಕ್ಷುಕನ ಹೊದಿಕೆ ಎಂದಿದ್ದನಂತೆ. ಒಳನಾಡು ಬಡವಾಗಿತ್ತು, ದಡದ ಊರುಗಳಲ್ಲಿ ದುಡ್ಡಿತ್ತು. ಆ ದುಡ್ಡು ಎಲ್ಲಿಂದ ಬಂತು ಎಂದು ನೋಡಿದರೆ ಆಯ್ಕೆ ಅರ್ಧ ಸಲೀಸಾಗುತ್ತದೆ. ಸೇಂಟ್ ಆಂಡ್ರೂಸ್ ಬೆಳೆದದ್ದು ಚರ್ಚಿನಿಂದ, ಕ್ರೇಲ್ ಆನ್‌ಸ್ಟ್ರದರ್ ಕಡೆಯ ಊರುಗಳು ಮೀನಿನಿಂದ, ಕೂರಸ್ ಕಲ್ಲಿದ್ದಲು ಮತ್ತು ಉಪ್ಪಿನಿಂದ. ಮೂರರ ಕಥೆಯೂ ಬೇರೆ, ನೋಡುವ ರೀತಿಯೂ ಬೇರೆ. ಒಂದನ್ನು ನೋಡಿದ್ದರಿಂದ ಇನ್ನೊಂದನ್ನು ನೋಡಿದಂತೆ ಆಗುವುದಿಲ್ಲ.

ಮೊದಲು ಅಳೆಯುವುದು ಹೇಗೆ

ಮೊದಲ ಪ್ರಶ್ನೆ ಕಾರು ಇದೆಯೇ ಎಂಬುದು. ಇಲ್ಲದಿದ್ದರೆ ಊರು ಎಷ್ಟು ಚೆಂದ ಎನ್ನುವುದಕ್ಕಿಂತ ಸಂಜೆ ವಾಪಸು ಬಸ್ಸು ಎಷ್ಟು ಹೊತ್ತಿಗೆ ಎನ್ನುವುದು ಮುಖ್ಯವಾಗುತ್ತದೆ. ಎರಡನೆಯದು ಮಂಡಿ. ಹಳೇ ಊರೆಂದರೆ ಗುಂಡುಕಲ್ಲು ಹಾಸಿದ ಏರುದಾರಿ, ಸುರುಳಿ ಮೆಟ್ಟಿಲು, ತಗ್ಗಿ ನುಗ್ಗಬೇಕಾದ ಬಾಗಿಲು. ಅರವತ್ತೈದು ದಾಟಿದವರು ಜೊತೆಗಿದ್ದರೆ ಇದನ್ನು ಮೊದಲೇ ಯೋಚಿಸಬೇಕು.

ಮೂರನೆಯದನ್ನು ಯಾರೂ ಕೇಳುವುದಿಲ್ಲ, ಆದರೆ ಬೇಸರವಾಗುವುದು ಹೆಚ್ಚಾಗಿ ಅದರಿಂದಲೇ: ಅಲ್ಲಿ ಏನು ಉಳಿದಿದೆ? ಕೆಲವು ಕಡೆ ಇರುವುದು ಮುರಿದ ಗೋಡೆ ಮಾತ್ರ, ಉಳಿದದ್ದನ್ನು ನಾವೇ ಮನಸ್ಸಿನಲ್ಲಿ ಕಟ್ಟಿಕೊಳ್ಳಬೇಕು. ಕೆಲವು ಕಡೆ ಚಾವಣಿ, ಬಣ್ಣ, ಅಡುಗೆಮನೆ ಎಲ್ಲ ಇದೆ. ಹಂಪಿಯ ಪಾಳು ನೋಡಿ ಗಂಟೆಗಟ್ಟಲೆ ನಿಲ್ಲುವವರಿಗೆ ಮೊದಲನೆಯದು ಸಾಕು. ಬರೀ ಕಲ್ಲು, ಇದರಲ್ಲೇನಿದೆ ಎನ್ನುವವರನ್ನು ಅಲ್ಲಿಗೆ ಕರೆದುಕೊಂಡು ಹೋಗಬೇಡಿ.

ಆಮೇಲೆ ಹವೆ. ಮಂಗಳೂರಿನ ಆಷಾಢ ಕಂಡವರಿಗೆ ಫೈಫಿನ ಮಳೆ ಮಳೆಯೇ ಅಲ್ಲ, ಕಾಡುವುದು ಗಾಳಿ. ಜೂನ್‌ನಲ್ಲೂ ಕಿವಿ ಮುಚ್ಚುವ ಟೋಪಿ ಬೇಕಾಗುತ್ತದೆ. ವಸಂತದ ಕೊನೆ, ಬೇಸಿಗೆಯ ಶುರುವಿನಲ್ಲಿ ಸಮುದ್ರದಿಂದ ಹಾರ್ ಎಂದು ಕರೆಯುವ ಮಂಜು ಬಂದು ಕೂರುತ್ತದೆ. ಒಳನಾಡಿನಲ್ಲಿ ಬಿಸಿಲಿರುವಾಗಲೇ ದಡದಲ್ಲಿ ಹತ್ತು ಮಾರು ಆಚೆ ಕಾಣದಿರಬಹುದು. ಡಿಸೆಂಬರಿನಲ್ಲಾದರೆ ಮಧ್ಯಾಹ್ನ ಮೂರೂ ಮುಕ್ಕಾಲಿಗೆಲ್ಲ ಹೊತ್ತು ಮುಳುಗುತ್ತದೆ. ಕೊನೆಯದು ದುಡ್ಡು, ಅದರ ಮಾತು ಮುಂದೆ.

ಸೇಂಟ್ ಆಂಡ್ರೂಸ್: ಮೊದಲ ಸಲಕ್ಕೆ, ಕಾರಿಲ್ಲದವರಿಗೆ

ಹೆಸರು ಗಾಲ್ಫಿನದು, ಊರು ಮಾತ್ರ ಗಾಲ್ಫಿಗಿಂತ ಹಳೆಯದು. 12ನೇ ಶತಮಾನದಲ್ಲಿ ಶುರುವಾದ ಇಲ್ಲಿನ ಕತೀಡ್ರಲ್ ಮುಗಿಯಲು ಒಂದೂವರೆ ಶತಮಾನ ಹಿಡಿಯಿತು. 1318ರಲ್ಲಿ ಅದರ ಪ್ರತಿಷ್ಠೆಗೆ ರಾಬರ್ಟ್ ಬ್ರೂಸ್ ದೊರೆಯೇ ಬಂದಿದ್ದ. ಸ್ಕಾಟ್ಲೆಂಡಿನಲ್ಲಿ ಅಷ್ಟು ದೊಡ್ಡ ಚರ್ಚನ್ನು ಅದಕ್ಕೂ ಮೊದಲು ಕಟ್ಟಿರಲಿಲ್ಲ, ಆಮೇಲೂ ಕಟ್ಟಲಿಲ್ಲ. 1559ರಲ್ಲಿ ಕ್ಯಾಥೊಲಿಕ್ ಚರ್ಚಿನ ವಿರುದ್ಧ ಎದ್ದ ಸುಧಾರಣೆಯ ಮುಂದಾಳು ಜಾನ್ ನಾಕ್ಸ್‌ನ ಪ್ರವಚನ ಕೇಳಿ ಕೆರಳಿದ ಜನ ಒಳಗಿನ ಮೂರ್ತಿ, ಪೀಠಗಳನ್ನು ಕಿತ್ತರು. ಆಮೇಲೆ ಅದು ಅನಾಥವಾಯಿತು, ಊರಿನವರು ಮನೆ ಕಟ್ಟಲು ಕಲ್ಲು ಒಯ್ದರು. ಈಗ ಉಳಿದಿರುವುದು ಎರಡು ತುದಿಯ ಗೋಡೆ, ನಡುವೆ ಹುಲ್ಲುಹಾಸು, ಸುತ್ತ ಸಮಾಧಿಗಳು, ಜೊತೆಗೆ ಅದಕ್ಕಿಂತಲೂ ಹಳೆಯದಾದ, 33 ಮೀಟರ್ ಎತ್ತರದ ಸೇಂಟ್ ರೂಲ್ ಗೋಪುರ. ಅಂಗಳದಲ್ಲಿ ಅಡ್ಡಾಡಲು ದುಡ್ಡು ಕೊಡಬೇಕಿಲ್ಲ, ಮ್ಯೂಸಿಯಮ್ಮಿಗೆ ಟಿಕೆಟ್ಟು. ಮ್ಯೂಸಿಯಮ್ಮಿನಲ್ಲಿ ಒಂದೇ ವಸ್ತು ನೋಡಿದರೂ ದುಡ್ಡು ದಕ್ಕಿತು: ಸ್ಕಾಟ್ಲೆಂಡಿನ ಪ್ರಾಚೀನ ನಿವಾಸಿಗಳಾದ ಪಿಕ್ಟ್ ಜನ ಕೆತ್ತಿದ ಕಲ್ಲಿನ ಶವಪೆಟ್ಟಿಗೆ. ಅದರ ಮೇಲೆ ಸಿಂಹದ ಬಾಯಿ ಸೀಳುತ್ತಿರುವ ದಾವೀದನಿದ್ದಾನೆ. ಗೋಪುರ ಹತ್ತಲೆಂದೇ ಹೋಗುವವರು ಮುಂಚೆ ವಿಚಾರಿಸಿ. ಹಳೇ ಕಲ್ಲುಗಳ ತಪಾಸಣೆ ಎಂದು ಇಂಥ ಜಾಗಗಳನ್ನು ಆಗಾಗ ಮುಚ್ಚುತ್ತಾರೆ.

ನನ್ನನ್ನು ಕೇಳಿದರೆ ಕತೀಡ್ರಲ್‌ಗಿಂತ ಪಕ್ಕದ ಕೋಟೆಗೆ ಹೆಚ್ಚು ಹೊತ್ತು ಕೊಡಿ. ಅದು ಬಿಷಪ್ಪರು ವಾಸಿಸುತ್ತಿದ್ದ ಕೋಟೆ, ಈಗ ಬಂಡೆಯಂಚಿನಲ್ಲಿ ನಿಂತ ಪಾಳು. 1546ರ ಮಾರ್ಚಿನಲ್ಲಿ ಕಾರ್ಡಿನಲ್ ಬೀಟನ್ ಸುಧಾರಣಾವಾದಿ ಜಾರ್ಜ್ ವಿಶಾರ್ಟನನ್ನು ಈ ಕೋಟೆಯ ಮುಂದೆ ಜೀವಂತ ಸುಡಿಸಿದ. ಮೂರು ತಿಂಗಳು ತುಂಬುವುದರೊಳಗೆ ವಿಶಾರ್ಟನ ಕಡೆಯವರು ಒಳನುಗ್ಗಿ ಬೀಟನ್ನನ್ನು ಕೊಂದು ಹೆಣವನ್ನು ಗೋಡೆಯಿಂದ ನೇತುಹಾಕಿದರು, ಕೋಟೆಯೊಳಗೇ ಬೀಡುಬಿಟ್ಟರು. ಹೊರಗಿದ್ದ ಸೈನ್ಯ ಗೋಡೆಯ ಬುಡ ಉಡಾಯಿಸಲು ಬಂಡೆಯಲ್ಲಿ ಸುರಂಗ ಕೊರೆಯತೊಡಗಿತು. ಒಳಗಿದ್ದವರು ಆ ಸದ್ದಿನ ಜಾಡು ಹಿಡಿದು ಎದುರು ಸುರಂಗ ತೋಡಿದರು. ಮೊದಲು ತೋಡಿದವು ಹುಸಿಹೋದವು, ಕೊನೆಗೆ ಒಂದು ಹೋಗಿ ಕೂಡಿತು. ಆ ಎರಡೂ ಸುರಂಗ ಇವತ್ತಿಗೂ ಇವೆ, ಒಳಗೆ ಇಳಿಯಬಹುದು. ದಾಳಿಕೋರರದ್ದು ಅಗಲ, ಮೆಟ್ಟಿಲು ಇಟ್ಟು ಮಾಡಿದ್ದು. ಒಳಗಿನವರದ್ದು ಇಕ್ಕಟ್ಟು, ಅಂಕುಡೊಂಕು, ಸೊಂಟ ಬಗ್ಗಿಸಿಯೇ ನಡೆಯಬೇಕು. ಯಾರು ಯೋಜನೆ ಹಾಕಿ ತೋಡಿದರು, ಯಾರು ಜೀವಭಯದಲ್ಲಿ ತೋಡಿದರು ಎಂದು ಯಾವ ಫಲಕವೂ ಹೇಳಬೇಕಿಲ್ಲ. ಹತ್ತು ವರ್ಷದ ಮಕ್ಕಳಿಗೆ ಇಡೀ ಫೈಫಿನಲ್ಲಿ ಇದಕ್ಕಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ. ಬಂಡೆಯಲ್ಲಿ ಬಾಟಲಿಯ ಆಕಾರಕ್ಕೆ ಕೊರೆದ ಸೆರೆಕೂಪವೂ ಇದೆ, ಮೇಲಿನಿಂದ ಬಗ್ಗಿ ನೋಡಬೇಕು. ಮಂಡಿನೋವಿನವರು ಸುರಂಗಕ್ಕೆ ಇಳಿಯುವುದು ಬೇಡ. ಮೇಲೆ ಬೆಂಚಿದೆ, ಸಮುದ್ರವಿದೆ.

ವಿಶ್ವವಿದ್ಯಾಲಯ 1413ರದ್ದು, ಸ್ಕಾಟ್ಲೆಂಡಿನ ಮೊದಲನೆಯದು. ಸೇಂಟ್ ಸಾಲ್ವೇಟರ್ ಗೋಪುರದ ಕೆಳಗೆ ರಸ್ತೆಯ ಕಲ್ಲುಗಳಲ್ಲಿ ಎರಡಕ್ಷರ ಮೂಡಿಸಿದ್ದಾರೆ. 1528ರಲ್ಲಿ ಅಲ್ಲಿ ಸುಟ್ಟುಹಾಕಿದ ಸುಧಾರಣಾವಾದಿ ಪ್ಯಾಟ್ರಿಕ್ ಹ್ಯಾಮಿಲ್ಟನ್‌ನ ಹೆಸರಿನ ಅಕ್ಷರಗಳವು. ತುಳಿದರೆ ಪರೀಕ್ಷೆಯಲ್ಲಿ ಡುಮ್ಕಿ ಎಂದು ವಿದ್ಯಾರ್ಥಿಗಳು ದಾಟಿಕೊಂಡು ಹೋಗುತ್ತಾರೆ. ಸೌತ್ ಸ್ಟ್ರೀಟಿನಲ್ಲಿ ಇನ್ನೊಂದು ಕಟ್ಟಡವಿದೆ, ನಮ್ಮ ಕಡೆಯವರು ನಿಂತು ನೋಡಬೇಕಾದ್ದು: ಮದ್ರಾಸ್ ಕಾಲೇಜ್. ಇದೇ ಊರಿನಲ್ಲಿ 1753ರಲ್ಲಿ ಹುಟ್ಟಿದ ಆಂಡ್ರ್ಯೂ ಬೆಲ್ ಎಂಬ ಪಾದ್ರಿ ಮದ್ರಾಸಿನ ಎಗ್ಮೋರಿನಲ್ಲಿ ಅನಾಥಾಲಯವೊಂದರ ಮೇಲ್ವಿಚಾರಕನಾಗಿದ್ದ. ಆ ಕಡೆಯ ಜಗಲಿ ಶಾಲೆಯೊಂದರಲ್ಲಿ ಮಕ್ಕಳು ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದುವುದನ್ನು ಕಂಡು, ದೊಡ್ಡ ಮಕ್ಕಳೇ ಚಿಕ್ಕವರಿಗೆ ಕಲಿಸುವ ಪದ್ಧತಿಯನ್ನು ಬೆಳೆಸಿ, ಮದ್ರಾಸ್ ಪದ್ಧತಿ ಎಂದು ಬ್ರಿಟನ್ನಿಗೆ ಒಯ್ದ. ಅವನ ದುಡ್ಡಿನಿಂದ 1830ರ ದಶಕದಲ್ಲಿ ಎದ್ದ ಶಾಲೆ ಇದು. ಶಾಲೆ ಈಗ ಬೇರೆ ಕಡೆ ಹೋಗಿದೆ, ಹಳೇ ಕಟ್ಟಡ ಅಲ್ಲೇ ಇದೆ. ನಮ್ಮಜ್ಜಂದಿರ ಕಾಲದ ಜಗಲಿ ಶಾಲೆಯ ಮರಳು ಇಷ್ಟು ದೂರ ಬಂದು ಕಲ್ಲಿನ ಕಂಬಗಳಾದದ್ದು ನನಗೆ ಗಾಲ್ಫಿಗಿಂತ ಸ್ವಾರಸ್ಯ.

ಗಾಲ್ಫ್ ಬೇಕೆನ್ನುವವರು ಭಾನುವಾರ ಹೋಗಿ. ಆವತ್ತು ಇಲ್ಲಿನ ಹೆಸರಾಂತ ಗಾಲ್ಫ್ ಮೈದಾನ ಓಲ್ಡ್ ಕೋರ್ಸ್‌ನಲ್ಲಿ ಸಾಮಾನ್ಯವಾಗಿ ಆಟವಿರುವುದಿಲ್ಲ, ಊರಿನವರು ನಾಯಿ ಹಿಡಿದು ಅಡ್ಡಾಡುತ್ತಾರೆ, ನೀವೂ ಅಡ್ಡಾಡಿ ಸ್ವಿಲ್ಕನ್ ಸೇತುವೆಯ ಮೇಲೆ ಫೋಟೊ ತೆಗೆಸಿಕೊಳ್ಳಬಹುದು.

ಈ ಊರಿನ ದೊಡ್ಡ ಲಾಭ, ಎಲ್ಲವೂ ನಡೆಯುವಷ್ಟು ಹತ್ತಿರ, ಬೀದಿಗಳು ಬಹುಮಟ್ಟಿಗೆ ಸಮತಟ್ಟು. ಮಳೆ ಬಂದರೆ ಹೊಕ್ಕಲು ಕಾಫಿ ಅಂಗಡಿಗಳಿಗೂ ಮ್ಯೂಸಿಯಮ್ಮುಗಳಿಗೂ ಬರವಿಲ್ಲ, ಸಸ್ಯಾಹಾರ ಹುಡುಕಬೇಕಿಲ್ಲ. ರೈಲು ಮಾತ್ರ ಇಲ್ಲ, 1969ರಲ್ಲೇ ನಿಂತುಹೋಯಿತು. ಎಡಿನ್‌ಬರೊದಿಂದ ಲೂಖರ್ಸ್‌ವರೆಗೆ ಸುಮಾರು ಒಂದು ಗಂಟೆ ರೈಲು, ಅಲ್ಲಿಂದ 99ನೇ ನಂಬರಿನ ಬಸ್ಸು. ನಷ್ಟವೆಂದರೆ ಬೇಸಿಗೆಯ ಜಂಗುಳಿ ಮತ್ತು ಕೊಠಡಿ ಬಾಡಿಗೆ. ದೊಡ್ಡ ಗಾಲ್ಫ್ ಪಂದ್ಯವೋ ಘಟಿಕೋತ್ಸವವೋ ಇರುವ ವಾರ ಅಲ್ಲಿ ರಾತ್ರಿ ಉಳಿಯುವ ಯೋಚನೆಯೇ ಬೇಡ. ಡಂಡೀಯಲ್ಲಿ ಉಳಿದು ಬಸ್ಸಿನಲ್ಲಿ ಬನ್ನಿ.

ಈಸ್ಟ್ ನ್ಯೂಕ್: ನಡೆಯುವವರಿಗೆ

ಫೈಫಿನ ಪೂರ್ವ ಮೂಲೆಯ ಮೀನುಗಾರರ ಊರುಗಳಿಗೆ ಒಟ್ಟಾಗಿ ಈಸ್ಟ್ ನ್ಯೂಕ್ ಎನ್ನುತ್ತಾರೆ: ಕ್ರೇಲ್, ಆನ್‌ಸ್ಟ್ರದರ್, ಪಿಟನ್‌ವೀಮ್, ಸೇಂಟ್ ಮೋನನ್ಸ್, ಈಲಿ. ಇಲ್ಲಿ ಇಂಥದ್ದೇ ಎಂದು ಬೆರಳು ತೋರಿಸುವ ದೊಡ್ಡ ಸ್ಮಾರಕವಿಲ್ಲ, ಊರೇ ಸ್ಮಾರಕ. ಮೆಟ್ಟಿಲು ಮೆಟ್ಟಿಲಾಗಿ ಏರುವ ತ್ರಿಕೋನ ಗೋಡೆಗಳು, ಕೆಂಪು ಹೆಂಚು, ಬಂದರಿಗೆ ಇಳಿಯುವ ಓಣಿ. ಹೆಂಚಿನ ರೂಢಿ ಬಂದದ್ದು ಹಾಲೆಂಡ್ ಕಡೆಯ ವ್ಯಾಪಾರದಿಂದ. ಇಲ್ಲಿಂದ ಕಲ್ಲಿದ್ದಲು, ಉಪ್ಪು, ಮೀನು ಹೊತ್ತುಹೋದ ಹಡಗುಗಳು ವಾಪಸು ಬರುವಾಗ ತೂಕಕ್ಕೆಂದು ಹೆಂಚು ತುಂಬಿಕೊಂಡು ಬರುತ್ತಿದ್ದವು ಎನ್ನುತ್ತಾರೆ. 1707ರಲ್ಲಿ ಇಂಗ್ಲೆಂಡ್ ಜೊತೆ ಒಂದಾದ ಮೇಲೆ ಆ ವ್ಯಾಪಾರ ಇಳಿಯಿತು. ದುಡ್ಡಿಲ್ಲದ್ದರಿಂದ ಯಾರೂ ಹಳೆಯದನ್ನು ಕೆಡವಿ ಹೊಸದು ಕಟ್ಟಲಿಲ್ಲ. 1960ರಲ್ಲಿ ಶುರುವಾದ, ಹಳೇ ಕಟ್ಟಡಗಳನ್ನು ಕಾಯುವ ನ್ಯಾಷನಲ್ ಟ್ರಸ್ಟ್‌ನ ಸಣ್ಣಮನೆಗಳ ಯೋಜನೆ ಬೀಳುವ ಹಂತದಲ್ಲಿದ್ದ ಮನೆಗಳನ್ನು ಕೊಂಡು, ರಿಪೇರಿ ಮಾಡಿ, ಮಾರುತ್ತ ಹೋಯಿತು. ಈಗ ಬಹಳ ಮನೆಗಳು ರಜೆಮನೆಗಳು. ಚಳಿಗಾಲದಲ್ಲಿ ಸಂಜೆ ಹೋದರೆ ದೀಪವಿಲ್ಲದ ಕಿಟಕಿಗಳ ಸಾಲು ಕಾಣುತ್ತದೆ, ಅದನ್ನೂ ಹೇಳಬೇಕು.

ಐದಕ್ಕೂ ಹೋಗುವುದು ಬೇಡ. ಫೋಟೊಗೆ ಕ್ರೇಲ್ ಸಾಕು. 1310ರಲ್ಲಿ ಬ್ರೂಸ್ ದೊರೆ ಸನ್ನದು ಕೊಟ್ಟ ಊರಿದು, ಪುಟ್ಟ ಬಂದರು, ಅಲ್ಲೇ ಏಡಿ ಬೇಯಿಸಿ ಮಾರುವ ಗೂಡಂಗಡಿ. ಒಂದು ಗಂಟೆಯಲ್ಲಿ ಮುಗಿಯುತ್ತದೆ, ಆದರೆ ಬಂದರಿಗೆ ಇಳಿಯುವ ದಾರಿ ಕಡಿದು. ನಿಜವಾಗಿ ತಿಳಿದುಕೊಳ್ಳಬೇಕೆನ್ನುವವರಿಗೆ ಆನ್‌ಸ್ಟ್ರದರ್‌ನ ಮೀನುಗಾರಿಕೆ ಮ್ಯೂಸಿಯಂ, 1969ರಿಂದ ಇದೆ. ಹೆಸರು ಕೇಳಿ ಮೂಗು ಮುರಿಯಬೇಡಿ. ಹೆರಿಂಗ್ ಮೀನಿನ ಹಿಂಡಿನ ಹಿಂದೆ ಶೆಟ್ಲೆಂಡ್‌ನಿಂದ ಇಂಗ್ಲೆಂಡಿನ ಯಾರ್ಮತ್‌ವರೆಗೆ ಬಂದರಿನಿಂದ ಬಂದರಿಗೆ ಹೋಗಿ ಮೀನು ಸೀಳಿ, ಉಪ್ಪು ಹಾಕಿ, ಪೀಪಾಯಿಗೆ ತುಂಬುತ್ತಿದ್ದ ಹೆಣ್ಣುಮಕ್ಕಳ ಕಥೆಯನ್ನು ಇಷ್ಟು ಚೆನ್ನಾಗಿ ಹೇಳುವ ಜಾಗ ಅಪರೂಪ. ಚೂರಿಯ ಗಾಯಕ್ಕೆ ಉಪ್ಪು ತಾಗದಿರಲೆಂದು ಅವರು ಬೆರಳಿಗೆ ಬಟ್ಟೆ ಸುತ್ತಿಕೊಳ್ಳುತ್ತಿದ್ದರು. ಕರಾವಳಿಯ ಮೀನು ಮಾರುಕಟ್ಟೆಯ ನಡುವೆ ಬೆಳೆದವರಿಗೆ ಆ ಕೈಗಳ ಫೋಟೊ ಬೇರೆಯವರಿಗೆ ಕಂಡಂತೆ ಕಾಣುವುದಿಲ್ಲ. 1902ರಲ್ಲಿ ಕಟ್ಟಿದ ರೀಪರ್ ಎಂಬ ಹಾಯಿದೋಣಿಯೂ ಈ ಮ್ಯೂಸಿಯಮ್ಮಿನದೇ. ಎಲ್ಲಕ್ಕಿಂತ ಮುಖ್ಯ, ಮಳೆ ಬಂದರೆ ಎರಡು ಗಂಟೆ ಸೂರು ಸಿಗುತ್ತದೆ. ಈಸ್ಟ್ ನ್ಯೂಕ್‌ನಲ್ಲಿ ಅಂಥ ಜಾಗ ಕಡಿಮೆ.

ಪಿಟನ್‌ವೀಮ್‌ನಲ್ಲಿ ಇನ್ನೂ ನಿಜವಾದ ಬಂದರಿದೆ, ದೋಣಿ ಬರುತ್ತವೆ, ಬಲೆ ಒಣಗುತ್ತವೆ. ಚೆಂದದ ಊರು, ಕರಾಳ ಕಥೆ: ಮಾಟಗಾತಿ ಎಂಬ ಆರೋಪ ಹೊತ್ತ ಜ್ಯಾನೆಟ್ ಕಾರ್ನ್‌ಫುಟ್‌ಳನ್ನು 1705ರಲ್ಲಿ ಇಲ್ಲಿನ ಗುಂಪು ಬಾಗಿಲ ಹಲಗೆಯಡಿ ಹಾಕಿ, ಮೇಲೆ ಕಲ್ಲು ಹೇರಿ ಕೊಂದಿತು. ಸೇಂಟ್ ಮೋನನ್ಸ್‌ನ ಹಳೇ ಚರ್ಚು ಅಲೆಗೆ ತಾಗಿಕೊಂಡೇ ನಿಂತಿದೆ, 14ನೇ ಶತಮಾನದಲ್ಲಿ ಎರಡನೇ ಡೇವಿಡ್ ದೊರೆ ಕಟ್ಟಿಸಿದ್ದು. ಊರಾಚೆ ಉಪ್ಪಿನ ಬಾಣಲೆಗಳಿಗೆ ಸಮುದ್ರದ ನೀರೆತ್ತುತ್ತಿದ್ದ ಗಾಳಿಗಿರಣಿ ಇದೆ. ಈಲಿ ಬೀಚಿಗೆ ಒಳ್ಳೆಯದು, ಪರಂಪರೆಗೆಂದು ಹೋಗುವವರು ಬಿಟ್ಟುಬಿಡಿ.

ನೋಡುವ ಸರಿಯಾದ ಕ್ರಮ ನಡಿಗೆ. ಆನ್‌ಸ್ಟ್ರದರ್‌ನಿಂದ ಪಿಟನ್‌ವೀಮ್, ಅಲ್ಲಿಂದ ಸೇಂಟ್ ಮೋನನ್ಸ್, ಒಂದೊಂದೂ ಎರಡೂವರೆ ಕಿ.ಮೀ. ಆಸುಪಾಸು, ದಾರಿ ಸುಲಭ. ಕ್ರೇಲ್‌ನಿಂದ ಆನ್‌ಸ್ಟ್ರದರ್ ಸುಮಾರು ಆರೂವರೆ ಕಿ.ಮೀ., ಕಲ್ಲುದಾರಿ ಹೆಚ್ಚು. ಸುಸ್ತಾದಲ್ಲಿ ನಿಲ್ಲಿಸಿ ಬಸ್ಸು ಹಿಡಿಯಬಹುದು, 95ನೇ ನಂಬರು ಲೀವನ್‌ನಿಂದ ಸೇಂಟ್ ಆಂಡ್ರೂಸ್‌ವರೆಗೆ ಈ ಊರುಗಳನ್ನೆಲ್ಲ ಹಾಯ್ದು ಹೋಗುತ್ತದೆ. 1969ರಲ್ಲಿ ನಿಂತಿದ್ದ ಲೀವನ್ ರೈಲು 2024ರ ಜೂನ್‌ನಿಂದ ಮತ್ತೆ ಓಡುತ್ತಿರುವುದರಿಂದ ಎಡಿನ್‌ಬರೊ ಕಡೆಯಿಂದ ಬರುವವರಿಗೆ ಈಗ ದಾರಿ ಸಲೀಸು.

ಸಸ್ಯಾಹಾರಿಗಳಿಗೆ ಒಂದು ಮಾತು. ಈ ಊರುಗಳ ಊಟವೆಂದರೆ ಮೀನು ಮತ್ತು ಚಿಪ್ಸ್. ಬರೀ ಚಿಪ್ಸ್ ತಿಂದರಾಯಿತು ಎಂದುಕೊಳ್ಳಬೇಡಿ. ದನದ ಕೊಬ್ಬಿನಲ್ಲಿ ಕರಿಯುವ ಅಂಗಡಿಗಳು ಸ್ಕಾಟ್ಲೆಂಡಿನಲ್ಲಿ ಇನ್ನೂ ಇವೆ. ಯಾವ ಎಣ್ಣೆ ಎಂದು ಕೇಳಿ, ಅವರೇನೂ ಬೇಜಾರು ಮಾಡಿಕೊಳ್ಳುವುದಿಲ್ಲ. ಇಲ್ಲವೇ ಚಪಾತಿ, ಚಿತ್ರಾನ್ನದ ಡಬ್ಬಿ ಕಟ್ಟಿಕೊಂಡು ಹೋಗಿ. ಬಂದರಿನ ಕಟ್ಟೆಯಲ್ಲಿ ಡಬ್ಬಿ ಬಿಚ್ಚಿದರೆ ಕಡಲಕಾಗೆಗಳ ಮೇಲೆ ಒಂದು ಕಣ್ಣಿರಲಿ.

ಕೂರಸ್: ಮನೆಯೊಳಗೆ ಹೋಗಿ ನೋಡುವವರಿಗೆ

ಪಾಳುಬಿದ್ದ ಗೋಡೆ ಸಾಕು, ಜನ ಹೇಗೆ ಬದುಕಿದ್ದರು ತೋರಿಸಿ ಎನ್ನುವವರಿಗೆ ಕೂರಸ್. ಇಲ್ಲಿನ ಅರಿಶಿನ ಬಣ್ಣದ ಅರಮನೆ ಯಾವ ರಾಜನದ್ದೂ ಅಲ್ಲ. 1597ರಿಂದ 1611ರ ನಡುವೆ ಸರ್ ಜಾರ್ಜ್ ಬ್ರೂಸ್ ಎಂಬ ಗಣಿ ವ್ಯಾಪಾರಿ ಕಟ್ಟಿಸಿಕೊಂಡ ಮನೆ. ಬಾಲ್ಟಿಕ್ ಕಡೆಯ ಪೈನ್ ಮರ, ಬಣ್ಣದ ಚಿತ್ರಗಳಿರುವ ಮರದ ಚಾವಣಿ, ಹಿಂದೆ ಗುಡ್ಡಕ್ಕೆ ಹತ್ತುವ ತರಕಾರಿ ತೋಟ. ತೋಟದಲ್ಲಿ ಸ್ಕಾಟ್ಸ್ ಡಂಪಿ ಎಂಬ ಗಿಡ್ಡಕಾಲಿನ ನಾಟಿ ಕೋಳಿಗಳು ಓಡಾಡುತ್ತವೆ, ಮಕ್ಕಳು ಅಲ್ಲಿಂದ ಕದಲುವುದಿಲ್ಲ.

ಈ ಬ್ರೂಸ್ ಮಾಡಿದ ಕೆಲಸ ಮನೆಗಿಂತ ದೊಡ್ಡದು. ಊರಿನ ಮುಂದಿನ ಫೋರ್ತ್ ಕೊಲ್ಲಿಯ ನೀರಿನ ಕೆಳಗೆ ಕಲ್ಲಿದ್ದಲು ಗಣಿ ತೋಡಿ, ನೀರಿನ ನಡುವೆಯೇ ಕಲ್ಲಿನ ಗೋಡೆ ಸುತ್ತಿ ಇನ್ನೊಂದು ಬಾಯಿ ಕಟ್ಟಿದ. ಹಡಗು ಅಲ್ಲಿಗೇ ಬಂದು ಕಲ್ಲಿದ್ದಲು ತುಂಬಿಕೊಳ್ಳುತ್ತಿತ್ತು. 1617ರಲ್ಲಿ ಆರನೇ ಜೇಮ್ಸ್ ದಡದಿಂದ ಗಣಿಗೆ ಇಳಿದು ಆ ಬಾಯಿಯಲ್ಲಿ ಮೇಲೆ ಬಂದನಂತೆ. ಸುತ್ತ ನೀರೇ ನೀರು ಕಂಡು, ನನ್ನನ್ನು ಕೊಲ್ಲಲು ಸಂಚು ಎಂದು ಕೂಗಿಕೊಂಡನಂತೆ. 1625ರ ಬಿರುಗಾಳಿಗೆ ಗಣಿ ಮುಳುಗಿತು. ಮಾರಲಾಗದ ಕಳಪೆ ಕಲ್ಲಿದ್ದಲನ್ನು ಉರಿಸಿ ಸಮುದ್ರದ ನೀರು ಕುದಿಸಿ ಉಪ್ಪು ಮಾಡುತ್ತಿದ್ದರು. ಕೂರಸ್‌ನ ಇನ್ನೊಂದು ಸರಕು ಕಬ್ಬಿಣದ ಕಾವಲಿ. ಅದನ್ನು ಮಾಡಿ ಮಾರುವ ವಿಶೇಷ ಹಕ್ಕನ್ನು ದೊರೆಯೇ ಈ ಊರಿಗೆ ಕೊಟ್ಟಿದ್ದ.

ಇಷ್ಟಾಗಿಯೂ ವಯಸ್ಸಾದವರಿಗೆ ನಾನು ಕೂರಸ್ ಹೇಳುವುದಿಲ್ಲ. ಬೀದಿಯ ಗುಂಡುಕಲ್ಲು ಮಳೆಯಲ್ಲಿ ಜಾರುತ್ತದೆ, ಅಬಿಗೆ, ಅಂದರೆ ಹಳೇ ಮಠಕ್ಕೆ, ಹೋಗುವ ದಾರಿ ಉಸಿರು ಕಟ್ಟಿಸುವ ಏರು, ಅರಮನೆಯ ಒಳಗೂ ಇಕ್ಕಟ್ಟಿನ ಮೆಟ್ಟಿಲು, ತಗ್ಗು ಬಾಗಿಲು. ರೈಲು ನಿಲ್ದಾಣವಿಲ್ಲ, ಡನ್ಫರ್ಮ್ಲಿನ್‌ಗೆ ಹೋಗಿ ಬಸ್ಸು ಹಿಡಿಯಬೇಕು. ಟಿವಿ ಧಾರಾವಾಹಿಗಳ ಚಿತ್ರೀಕರಣ ನಡೆದ ಮೇಲೆ ಬೇಸಿಗೆಯ ಮಧ್ಯಾಹ್ನ ಟೂರಿಸ್ಟ್ ಬಸ್ಸುಗಳೂ ಬರುತ್ತವೆ. ಬೆಳಿಗ್ಗೆಯೇ ಹೋದವರಿಗೆ ಊರು ಸಿಗುತ್ತದೆ. ಡನ್ಫರ್ಮ್ಲಿನ್ ಮಾರ್ಗವಾಗಿ ಬಂದವರು ಅಲ್ಲಿನ ಅಬಿಗೂ ಒಂದು ಗಂಟೆ ಕೊಡಿ. ರಾಬರ್ಟ್ ಬ್ರೂಸ್‌ನ ಸಮಾಧಿ ಇರುವುದು ಅಲ್ಲಿ. ಅಲ್ಲಿಗೆ ಕೂರಸ್ ದಿನ ತುಂಬಿತು.

ದ್ವೀಪಗಳು: ಇಂಚ್‌ಕೋಮೋ, ಐಲ್ ಆಫ್ ಮೇ ದ್ವೀಪವೋ

ಎರಡನ್ನೂ ಒಂದೇ ಎಂದುಕೊಂಡು ಅಗ್ಗದ್ದು ಯಾವುದು ಎಂದು ಕೇಳುವವರಿದ್ದಾರೆ. ಒಂದು ಮಠಕ್ಕೆ, ಒಂದು ಹಕ್ಕಿಗೆ. ಇಂಚ್‌ಕೋಮ್‌ನಲ್ಲಿರುವುದು ಸ್ಕಾಟ್ಲೆಂಡಿನಲ್ಲೇ ಅತಿ ಚೆನ್ನಾಗಿ ಉಳಿದ ಮಠದ ಕಟ್ಟಡಗಳು. 1123ರಲ್ಲಿ ಬಿರುಗಾಳಿಗೆ ಸಿಕ್ಕಿ ಇಲ್ಲಿ ದಡ ಸೇರಿದ ಒಂದನೇ ಅಲೆಗ್ಸಾಂಡರ್ ದೊರೆಗೆ ಒಬ್ಬ ಸನ್ಯಾಸಿ ಅನ್ನಾಶ್ರಯ ಕೊಟ್ಟ, ಹರಕೆ ತೀರಿಸಲು ಮಠ ಬಂತು ಎನ್ನುವುದು ಕಥೆ. ದ್ವೀಪವಾದ್ದರಿಂದ ಕಲ್ಲು ಕದಿಯಲು ಯಾರೂ ಬರಲಿಲ್ಲ ಎನ್ನುವುದು ನನ್ನ ಊಹೆ. ಸೇಂಟ್ ಆಂಡ್ರೂಸ್‌ನಲ್ಲಿ ಕಲ್ಪಿಸಿಕೊಳ್ಳಬೇಕಾದ ಮಠದ ಮೊಗಸಾಲೆ, ಎಂಟು ಮೂಲೆಯ ಸಭಾಕೋಣೆ ಇಲ್ಲಿ ಚಾವಣಿ ಸಮೇತ ನಿಂತಿವೆ. ದೋಣಿ ಹೊರಡುವುದು ಸೌತ್ ಕ್ವೀನ್ಸ್‌ಫೆರಿಯಿಂದ, ಹಾಗಾಗಿ 1890ರ ಫೋರ್ತ್ ರೈಲು ಸೇತುವೆಯ ಬುಡದಿಂದಲೇ ಪ್ರಯಾಣ. 2015ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿದ ಆ ಸೇತುವೆಯನ್ನು ನೋಡಲು ಇದಕ್ಕಿಂತ ಒಳ್ಳೆಯ ಜಾಗವಿಲ್ಲ. ಅರ್ಧ ದಿನ ಸಾಕು. ಮೇ, ಜೂನ್‌ನಲ್ಲಿ ಕಡಲಕಾಗೆಗಳು ಮರಿ ಮಾಡಿರುತ್ತವೆ, ತಲೆಯ ಮೇಲೇ ಎರಗುತ್ತವೆ. ಪಕ್ಷಿಭಯ ಇರುವವರು ಸೆಪ್ಟೆಂಬರಿಗೆ ಇಟ್ಟುಕೊಳ್ಳಿ.

ಐಲ್ ಆಫ್ ಮೇ ದ್ವೀಪಕ್ಕೆ ಆನ್‌ಸ್ಟ್ರದರ್‌ನಿಂದ ದೋಣಿ. ತೆರೆದ ಸಮುದ್ರ, ಹೊಟ್ಟೆ ತೊಳಸುವವರಿಗೆ ಕಷ್ಟ. 1636ರಲ್ಲಿ ಕಲ್ಲಿದ್ದಲು ಉರಿಸಿ ಬೆಳಕು ತೋರುತ್ತಿದ್ದ ದೀಪಗೋಪುರ ಸ್ಕಾಟ್ಲೆಂಡಿನ ಮೊದಲನೆಯದು, ಅದರ ಮೋಟು ಇನ್ನೂ ಇದೆ. ಪಕ್ಕದಲ್ಲಿ ರಾಬರ್ಟ್ ಸ್ಟೀವನ್ಸನ್ 1816ರಲ್ಲಿ ಕಟ್ಟಿದ್ದು ನಿಂತಿದೆ, ನೋಡಿದರೆ ಕೋಟೆ ಎನ್ನಬೇಕು. ಆದರೆ ಜನ ಹೋಗುವುದು ಪಫಿನ್ ಹಕ್ಕಿಗೆ. ಅವು ಏಪ್ರಿಲ್‌ನಿಂದ ಜುಲೈ ಕೊನೆಯವರೆಗೆ ಇರುತ್ತವೆ. ಆಗಸ್ಟ್ ನಡುವೆ ಹೋದವರು ಬರೀ ಬಿಲ ನೋಡಿ ಬರುತ್ತಾರೆ. ಎರಡೂ ದ್ವೀಪಗಳ ದೋಣಿಗಳು ಚಳಿಗಾಲದಲ್ಲಿ ನಿಲ್ಲುತ್ತವೆ, ಗಾಳಿ ಜೋರಾದರೆ ಬೇಸಿಗೆಯಲ್ಲೂ ರದ್ದಾಗುತ್ತವೆ. ಆದ್ದರಿಂದ ರಜೆಯ ಕೊನೆಯ ದಿನಕ್ಕೆ ದ್ವೀಪ ಇಟ್ಟುಕೊಳ್ಳಬೇಡಿ.

ಹೆಸರಿಲ್ಲದ ಮೂರು

ಅಬರ್‌ಡೋರ್ ಕೋಟೆಯನ್ನು ಪಟ್ಟಿಗೆ ಹಾಕಿಕೊಳ್ಳುವವರು ಕಡಿಮೆ. ವಯಸ್ಸಾದ ತಂದೆತಾಯಿ ಜೊತೆಗಿದ್ದರೆ ನನ್ನ ಮೊದಲ ಸಲಹೆ ಇದೇ. ಎಡಿನ್‌ಬರೊದಿಂದ ನೇರ ರೈಲು, ನಿಲ್ದಾಣದಿಂದ ಕೋಟೆಗೆ ಕೆಲವೇ ನಿಮಿಷ. ಸ್ಕಾಟ್ಲೆಂಡಿನಲ್ಲಿ ಇನ್ನೂ ನಿಂತಿರುವ ಅತಿ ಹಳೆಯ ಕಲ್ಲಿನ ಕೋಟೆಗಳಲ್ಲಿ ಒಂದು, ಒಂದು ಭಾಗ ಬಿದ್ದಿದೆ, ಒಂದು ಭಾಗಕ್ಕೆ ಚಾವಣಿ ಇದೆ. ಹಂತ ಹಂತದ ತೋಟ, ಪಕ್ಕದಲ್ಲೇ 12ನೇ ಶತಮಾನದ ಚರ್ಚು, ಆಮೇಲೆ ಸಿಲ್ವರ್ ಸ್ಯಾಂಡ್ಸ್ ಬೀಚು. ಯಾರಿಗೂ ಆಯಾಸವಿಲ್ಲ.

ಕರ್ಕಾಡಿಯ ರೇವನ್ಸ್‌ಕ್ರೇಗ್ ಕೋಟೆಯನ್ನು ಹೊರಗಿನಿಂದ ನೋಡಲು ದುಡ್ಡು ಬೇಡ. ಫಿರಂಗಿ ದಾಳಿ ತಡೆಯಲೆಂದೇ 1460ರಲ್ಲಿ ಎರಡನೇ ಜೇಮ್ಸ್ ಇದನ್ನು ಶುರುಮಾಡಿಸಿದ. ಅದೇ ವರ್ಷ ರಾಕ್ಸ್‌ಬರೊ ಮುತ್ತಿಗೆಯಲ್ಲಿ ತನ್ನದೇ ಫಿರಂಗಿ ಸಿಡಿದು ಸತ್ತ. ಇನ್ನು ಈಸ್ಟ್ ವೀಮ್ಸ್‌ನ ಗುಹೆಗಳು: ಒಳಗೆ ಪಿಕ್ಟ್ ಜನರ ಕೆತ್ತನೆ, ಹೊರಗೆ ದಿನದಿನವೂ ಕೊರೆಯುವ ಸಮುದ್ರ. ಸ್ಥಳೀಯ ಸಂಘದವರು ಕರೆದುಕೊಂಡು ಹೋಗುವ ದಿನ ನೋಡಿಕೊಂಡು ಹೋಗಿ. ನಾವೇ ಹೋದರೆ ಕತ್ತಲಲ್ಲಿ ಕೆತ್ತನೆ ಯಾವುದು, ಬಿರುಕು ಯಾವುದು ತಿಳಿಯುವುದಿಲ್ಲ.

ದುಡ್ಡು, ಮತ್ತೆ ತೀರ್ಮಾನ

ಇಲ್ಲಿ ಎರಡು ಬೇರೆ ಬೇರೆ ಸಂಸ್ಥೆಗಳಿವೆ, ಒಂದರ ಪಾಸು ಇನ್ನೊಂದಕ್ಕೆ ನಡೆಯುವುದಿಲ್ಲ. ಸೇಂಟ್ ಆಂಡ್ರೂಸ್‌ನ ಕೋಟೆ, ಕತೀಡ್ರಲ್, ಅಬರ್‌ಡೋರ್, ಇಂಚ್‌ಕೋಮ್ ಇವು ಹಿಸ್ಟಾರಿಕ್ ಎನ್ವಿರಾನ್‌ಮೆಂಟ್ ಸ್ಕಾಟ್ಲೆಂಡಿನವು. ಕೂರಸ್ ಅರಮನೆ ನ್ಯಾಷನಲ್ ಟ್ರಸ್ಟ್ ಫಾರ್ ಸ್ಕಾಟ್ಲೆಂಡಿನದು. ಎಡಿನ್‌ಬರೊ, ಸ್ಟರ್ಲಿಂಗ್ ಕೋಟೆಗಳೂ ಮೊದಲನೆಯ ಸಂಸ್ಥೆಯವೇ. ಅವನ್ನೂ ಇದ್ದ ರಜೆಯಲ್ಲೇ ನೋಡುವುದಾದರೆ ಅದರ ಎಕ್ಸ್‌ಪ್ಲೋರರ್ ಪಾಸಿನ ಲೆಕ್ಕ ಹಾಕಿ. ಇಲ್ಲೇ ನೆಲೆಸಿದವರಿಗೆ ವರ್ಷದ ಸದಸ್ಯತ್ವ ಒಳ್ಳೆಯದು. ಬರೀ ಕೂರಸ್ ಮತ್ತು ಈಸ್ಟ್ ನ್ಯೂಕ್ ನೋಡುವವರಿಗೆ ಆ ಪಾಸು ದಂಡ. ಇಂಚ್‌ಕೋಮ್‌ಗೆ ಪಾಸಿದ್ದರೂ ದೋಣಿಯ ದುಡ್ಡು ಬೇರೆ.

ಸ್ಕಾಟ್ಲೆಂಡಿನಲ್ಲಿ ವಾಸವಿರುವ 22ರೊಳಗಿನವರಿಗೆ ಕಾರ್ಡಿದ್ದರೆ ಬಸ್ಸು ಪುಕ್ಕಟೆ. ಅಂಥ ವಿದ್ಯಾರ್ಥಿಗಳಿಗೆ ಈಸ್ಟ್ ನ್ಯೂಕ್‌ನಷ್ಟು ಅಗ್ಗದ ದಿನ ಬೇರೆ ಸಿಗದು: ಬಸ್ಸಿಗೆ ದುಡ್ಡಿಲ್ಲ, ನಡಿಗೆಗೆ ಟಿಕೆಟ್ಟಿಲ್ಲ, ಮ್ಯೂಸಿಯಮ್ಮಿಗೆ ಮಾತ್ರ ಕೊಡಬೇಕು. ಅರವತ್ತು ದಾಟಿದವರಿಗೂ ಬಸ್ಸು ಉಚಿತ ಎಂದು ಕೇಳಿ, ಊರಿಂದ ಬಂದ ಅಪ್ಪನನ್ನು ಹತ್ತಿಸಿ ಡ್ರೈವರ್ ಜೊತೆ ವಾದಕ್ಕಿಳಿಯಬೇಡಿ. ಅದು ಇಲ್ಲಿಯ ನಿವಾಸಿಗಳಿಗೆ.

ಒಂದೇ ದಿನ, ಕಾರಿಲ್ಲ, ಮೊದಲ ಸಲ: ಸೇಂಟ್ ಆಂಡ್ರೂಸ್, ಎರಡನೇ ಮಾತಿಲ್ಲ. ಅಪ್ಪ ಅಮ್ಮನ ಮಂಡಿ ಗಟ್ಟಿಯಿಲ್ಲದಿದ್ದರೆ ಅಬರ್‌ಡೋರ್. ಹವೆ ಚೆನ್ನಾಗಿದ್ದು ಅವರಿಗೆ ದೋಣಿ ಹತ್ತಲು ಆಗುವುದಾದರೆ ಮಾರನೇ ದಿನ ಇಂಚ್‌ಕೋಮ್. ಕಾರಿದೆ, ಮನೆ, ಅಡುಗೆಮನೆ, ತೋಟ ನೋಡುವ ಆಸೆಯಿದೆ ಎನ್ನುವವರು ಕೂರಸ್‌ಗೆ ಬೆಳಿಗ್ಗೆಯೇ ಹೊರಡಿ. ಸೇಂಟ್ ಆಂಡ್ರೂಸ್ ಆಗಲೇ ನೋಡಿದವರು, ಜೊತೆಗೆ ಯಾರಿಲ್ಲ ಎನ್ನುವವರು, ಜನಜಂಗುಳಿ ಬೇಡದವರು ಈಸ್ಟ್ ನ್ಯೂಕ್‌ಗೆ ಹೋಗಿ. ಎರಡು ದಿನವಿದ್ದರೆ ಆನ್‌ಸ್ಟ್ರದರ್‌ನಲ್ಲಿ ರಾತ್ರಿ ಉಳಿಯಿರಿ. ಅಲ್ಲಿಂದ ಒಂದು ದಿನ ನಡಿಗೆ, ಇನ್ನೊಂದು ದಿನ 95ನೇ ಬಸ್ಸು ಹಿಡಿದು ಸೇಂಟ್ ಆಂಡ್ರೂಸ್. ಮಳೆ ಬಂದ ದಿನ ಯಾವುದೋ ಅದನ್ನೇ ಸೇಂಟ್ ಆಂಡ್ರೂಸ್‌ಗೆ ಇಟ್ಟುಕೊಳ್ಳಿ.